ಬೋನಿನೊಳಗೆ ಗಾರ್ಡು, ರಸ್ತೆ ಮೇಲೆ ಭಾವ

ಗುಂಡ್ಲುಪೇಟೆ ದಾಟಿ ಕಾಡಿನ ಬಾಗಿಲಿಗೆ ಬಂದಾಗ ಚೆಕ್‌ಪೋಸ್ಟಿನ ವಾಚರ್ ಒಬ್ಬರು ಕಾರಿನ ಕಿಟಕಿಗೆ ಬಗ್ಗಿ, "ಮುಂದ ಆನ ಅದ ಸಾ, ಎಲ್ಲೂ ನಿಲ್ಲಿಸ್ಬೇಡಿ" ಅಂದರು. ಇದನ್ನು ಎಚ್ಚರಿಕೆ ಅಂತ ತಿಳಿಯುವವರು ಎಲ್ಲಾದರೂ ಇರಬಹುದು. ನಮ್ಮ ಭಾವನವರಿಗೆ ಅದು ವಿಳಾಸ.

"ಮುಂದೆ ಅಂದ್ರೆ ಎಷ್ಟು ಮುಂದೆ? ಎಡಗಡೆನಾ ಬಲಗಡೆನಾ?" ಅಂತ ಕೇಳಿದರು.

ವಾಚರ್ ಉತ್ತರ ಕೊಡಲಿಲ್ಲ. ದಿನಕ್ಕೆ ಎಷ್ಟು ಕಾರಿನವರು ಇದೇ ಪ್ರಶ್ನೆ ಕೇಳಿರುತ್ತಾರೋ ಪಾಪ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ, ನಾವು ಹೊರಟೆವು. 2025ರ ದಸರಾ ರಜೆ, ಊಟಿ ಪ್ರವಾಸ. ಮೈಸೂರಿನಲ್ಲಿ ಆನೆಗೆ ಅಂಬಾರಿ ಹೊರಿಸಿ ಮುಗಿದಿತ್ತು. ಇಲ್ಲಿ ಬಂಡೀಪುರದಲ್ಲಿ ಅಂಬಾರಿ ಇಲ್ಲದ ಆನೆಗಳ ದರ್ಶನಕ್ಕೆ ಸಾಲು ಶುರುವಾಗಿತ್ತು.

ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಹತ್ತು ಹನ್ನೆರಡು ಕಾರು ನಿಂತಿದ್ದವು, ಅದೂ ಸರಿಯಾಗಿ "ವಾಹನ ನಿಲ್ಲಿಸಬೇಡಿ" ಬೋರ್ಡಿನ ಬುಡದಲ್ಲಿ. ಬೋರ್ಡಿನ ನೆರಳು ಚೆನ್ನಾಗಿತ್ತು ಅನ್ನಿ. ಒಬ್ಬರು ಜಿಂಕೆಗೆ ಚಿಪ್ಸ್ ಕೊಡುತ್ತಿದ್ದರು. ಇನ್ನೊಬ್ಬರು ಮಗುವನ್ನು ಕಾರಿನ ಬಾನೆಟ್ ಮೇಲೆ ಕೂರಿಸಿ, ಜಿಂಕೆ ಫ್ರೇಮಿನೊಳಗೆ ಬರಲಿ ಅಂತ ಅದಕ್ಕೇ "ಸ್ವಲ್ಪ ಈ ಕಡೆ, ಈ ಕಡೆ" ಅನ್ನುತ್ತಿದ್ದರು. ಅಷ್ಟರಲ್ಲಿ ಇಲಾಖೆಯ ಜೀಪು ಬಂತು. ಗಾರ್ಡ್ ಇಳಿದು ಸೀಟಿ ಊದುತ್ತಾ, ಕೋಲು ಆಡಿಸುತ್ತಾ, ಸಂಜೆ ಕುರಿ ಹೊಡೆಯುವವರ ಹಾಗೆ ಎಲ್ಲರನ್ನೂ ಕಾರೊಳಗೆ ತುಂಬಿಸಿದರು. ಆನೆ ಓಡಿಸುವುದು ಇದಕ್ಕಿಂತ ಸುಲಭ. ಒಂದು ಪಟಾಕಿ ಹೊಡೆದರೆ ಆನೆ ಹೋಗುತ್ತದೆ. ಅದೇ ಪಟಾಕಿ ನಮ್ಮ ಜನಕ್ಕೆ ಹೊಡೆದರೆ, ಏನಾಯ್ತು ನೋಡೋಣ ಅಂತ ಇನ್ನೂ ನಾಲ್ಕು ಕಾರು ನಿಲ್ಲುತ್ತವೆ.

ಅದೇ ವರ್ಷ ಆಗಸ್ಟಿನಲ್ಲಿ ಈ ಕಾಡಿನಲ್ಲೇ ಒಂದು ಕಥೆ ಆಗಿತ್ತಲ್ವಾ, ನಿಮ್ಮ ಮೊಬೈಲಿಗೂ ಬಂದಿರುತ್ತದೆ. ಕೆಕ್ಕನಹಳ್ಳದ ಹತ್ತಿರ ಆನೆಯೊಂದು ರಸ್ತೆ ಬದಿಯಲ್ಲಿ ತನ್ನ ಪಾಡಿಗೆ ಕ್ಯಾರೆಟ್ ತಿನ್ನುತ್ತಿತ್ತು. ಒಬ್ಬರು ಸೆಲ್ಫಿಗೆ ಅಂತ ಹತ್ತಿರ ಹೋದರು. ಆನೆ ಅಟ್ಟಿಸಿಕೊಂಡು ಬಂತು, ಮನುಷ್ಯ ಓಡಿ, ಮುಗ್ಗರಿಸಿ ಬಿದ್ದು, ತುಳಿತಕ್ಕೆ ಸಿಕ್ಕಿ, ಹೇಗೋ ಜೀವ ಉಳಿಸಿಕೊಂಡರು. ಮೊದಲ ದಿನ ಇವರು ಕೇರಳದವರು ಅಂತ ಸುದ್ದಿಯಾಗಿ ನಮ್ಮ ಕಡೆಯವರೆಲ್ಲ ಮಲಯಾಳಿಗಳಿಗೆ ಶಿಸ್ತಿನ ಪಾಠ ಹೇಳಿದ್ದೇ ಹೇಳಿದ್ದು. ಆಮೇಲೆ ನೋಡಿದರೆ ನಮ್ಮವರೇ. ಪಾಠ ಅಲ್ಲಿಗೆ ನಿಂತಿತು. ಇಲಾಖೆಯವರು ಅವರನ್ನು ಹುಡುಕಿ 25,000 ರೂಪಾಯಿ ದಂಡ ಹಾಕಿ, ತಪ್ಪಾಯ್ತು ಅಂತ ವಿಡಿಯೊ ಮಾಡಿಸಿದರು. ಫೋಟೊ ತೆಗೆಯಲು ಹೋದ ತಪ್ಪಿಗೆ ವಿಡಿಯೊ ಶಿಕ್ಷೆ, ಈ ನ್ಯಾಯ ನನಗೆ ಹಿಡಿಸಿತು.

ಭಾವನವರ ಅಭಿಪ್ರಾಯ ಬೇರೆ. "ಫಾರೆಸ್ಟ್‌ನೋರು ಎಲ್ಲಿ ಸತ್ತಿದ್ರು ಆಗ?"

ಇದೊಂದು ಮಾತು ನೋಡಿ. ಗಾರ್ಡ್ ಅಲ್ಲಿ ಇದ್ದು ತಡೆದರೆ "ಏನ್ರೀ ನಿಮ್ಮಪ್ಪನ ಕಾಡಾ?" ಇಲ್ಲದಿದ್ದರೆ "ಎಲ್ಲಿ ಸತ್ತಿದ್ರು?" 2023ರ ಲೆಕ್ಕದಲ್ಲಿ ಬಂಡೀಪುರದಲ್ಲಿ 1,116 ಆನೆ. ಆನೆಗೊಬ್ಬ ಗಾರ್ಡ್ ಅಂತ ನೇಮಿಸಿದರೂ ಸಾಲದು, ಪ್ರತಿ ಸೆಲ್ಫಿ ಕಡ್ಡಿಗೂ ಒಬ್ಬ ಬೇಕಾಗುತ್ತದೆ.

ನನಗೆ ಮೊದಲಿನಿಂದ ಒಂದು ಅನುಮಾನ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂತ ಹೆಸರೇನೋ ಇಟ್ಟಿದ್ದಾರೆ, ಆದರೆ ಅದರಲ್ಲಿ ವನ್ಯಜೀವಿ ಹೀಗೆ ನಡೆದುಕೊಳ್ಳಬೇಕು ಅಂತ ಒಂದು ಸಾಲೂ ಇಲ್ಲ. ಹುಲಿ ಬೇಲಿ ಹಾರಬಾರದು, ಆನೆ ಬಾಳೆ ತೋಟಕ್ಕೆ ಬರಬಾರದು, ಉಹ್ಞೂಂ. ಬೇಟೆಯಾಡಬಾರದು, ಬೆಂಕಿ ಹಾಕಬಾರದು, ಅಪ್ಪಣೆ ಇಲ್ಲದೆ ಒಳಗೆ ಬರಬಾರದು, ಪ್ರಾಣಿಗಳನ್ನು ಕೆಣಕಬಾರದು, ಎಲ್ಲಾ ನಮಗೇ. ಕಾಡು ಕಾಯುವ ಕೆಲಸ ಅಂತ ಸೇರಿದ ಹುಡುಗನಿಗೆ ವರ್ಷದೊಳಗೆ ಗೊತ್ತಾಗಿಬಿಡುತ್ತದೆ, ಕಾಡು ತನ್ನನ್ನು ತಾನು ಕಾದುಕೊಳ್ಳುತ್ತದೆ, ತಾನು ಕಾಯಬೇಕಾದದ್ದು ನಮ್ಮನ್ನು. 2023ರ ಅಕ್ಟೋಬರ್‌ನಲ್ಲಿ ಅರಣ್ಯ ಅಧಿಕಾರಿಗಳು ಬಿಗ್ ಬಾಸ್ ಮನೆಯ ಬಾಗಿಲಿಗೇ ಹೋಗಿ ಹುಲಿ ಉಗುರಿನ ಪೆಂಡೆಂಟ್ ಹಾಕಿದ್ದ ಸ್ಪರ್ಧಿಯನ್ನು ಕರೆದುಕೊಂಡು ಬಂದರು. ಆಮೇಲೆ ನಟರು, ರಾಜಕಾರಣಿಗಳ ಮನೆಗೂ ಹೋಗಬೇಕಾಯಿತು. ಅಲ್ಲಿಯ ತನಕ ಸಿಂಹದ ಹಾಗೆ ಎದೆ ಉಬ್ಬಿಸಿ ಫೋಟೊ ಹೊಡೆಸಿಕೊಂಡವರು ಕೆಲವರು ಆ ವಾರ ಇದ್ದಕ್ಕಿದ್ದ ಹಾಗೆ "ಅಯ್ಯೋ, ಅದು ಪ್ಲಾಸ್ಟಿಕ್ಕು" ಅಂದರು.

ಇನ್ನು ಬೆಂಕಿಯ ಮಾತು. ಬೇಸಿಗೆ ಬರುವ ಮೊದಲೇ ಬೆಂಕಿ ದಾಟದ ಹಾಗೆ ಮೈಲಿಗಟ್ಟಲೆ ಬೆಂಕಿ ರೇಖೆ ಕಡಿದು, ಒಣಹುಲ್ಲು ಸುಟ್ಟು, ಫೈರ್ ವಾಚರ್‌ಗಳನ್ನು ಕೂರಿಸುತ್ತಾರೆ. ಆಮೇಲೆ ಯಾರೋ ಮಹಾನುಭಾವ ಬೀಡಿ ಎಸೆದು ಹೋಗುತ್ತಾನೆ, ಇಲ್ಲಾ ಯಾವುದೋ ಸಿಟ್ಟಿಗೆ ಕಡ್ಡಿ ಗೀರುತ್ತಾನೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಿತು, ಟಿವಿಯಲ್ಲಿ ನೋಡಿ ನಾವೆಲ್ಲ ಹಾ ಅಂದೆವು. ಹೆಲಿಕಾಪ್ಟರ್ ಬರುವ ತನಕ ಏನಿತ್ತು ಅಂತ ಯಾರೂ ಕೇಳಲಿಲ್ಲ. ಹಸಿ ಸೊಪ್ಪಿನ ಕೊಂಬೆ ಇತ್ತು ಸ್ವಾಮಿ. ಅದನ್ನು ಹಿಡಿದು ಬೆಂಕಿಯನ್ನು ಬಡಿಯುವ ಮನುಷ್ಯರಿದ್ದರು. ಅದಕ್ಕೆ ಎರಡು ವರ್ಷ ಮೊದಲು, 2017ರ ಫೆಬ್ರುವರಿಯಲ್ಲಿ, ಇದೇ ಕಾಡಿನ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಗಾರ್ಡ್ ಒಬ್ಬರು ವಾಪಸ್ ಬರಲಿಲ್ಲ. ಇದರಲ್ಲಿ ನಗುವುದಕ್ಕೆ ಏನೂ ಇಲ್ಲ, ಮುಂದೆ ಹೋಗೋಣ.

ಸಂಬಳದ ವಿಷಯಕ್ಕೆ ಬಂದರೆ ಮಾತ್ರ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ, ನಾಲ್ಕು ಮರಿ, ಒಟ್ಟು ಐದು ಹುಲಿ ವಿಷಕ್ಕೆ ಸತ್ತವು. ದೊಡ್ಡ ಸುದ್ದಿ, ದೊಡ್ಡ ತನಿಖೆ. ಅದಕ್ಕೆ ಕೆಲವೇ ದಿನ ಮೊದಲು ಅಲ್ಲಿನ ಹೊರಗುತ್ತಿಗೆ ಸಿಬ್ಬಂದಿ ತಿಂಗಳುಗಟ್ಟಲೆ ಸಂಬಳ ಬಂದಿಲ್ಲ ಅಂತ ಪ್ರತಿಭಟನೆಗೆ ಕೂತಿದ್ದರು. ಅದು ಸಣ್ಣ ಸುದ್ದಿ. ನಮ್ಮಲ್ಲಿ ಹುಲಿ ಎಲ್ಲಿ ಹೋಯಿತು ಅಂತ ತಿಳಿಯಲು ಮರಕ್ಕೆ ಕ್ಯಾಮೆರಾ ಕಟ್ಟುತ್ತಾರೆ. ಸಂಬಳದ ಫೈಲು ಓಡಾಡುವ ದಾರಿಗೂ ಒಂದು ಕಟ್ಟಿ ನೋಡಬಹುದಿತ್ತು. ಅದು ಹುಲಿಗಿಂತ ಅಪರೂಪದ ಪ್ರಾಣಿ, ರಾತ್ರಿ ಹೊತ್ತು ಮಾತ್ರವಲ್ಲ, ಹಗಲೂ ಕಾಣಿಸುವುದಿಲ್ಲ.

ಈಗ ಬೋನಿನ ಕಥೆ. ಸೆಪ್ಟೆಂಬರ್ 2025, ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರ. ಊರ ಸುತ್ತ ಹುಲಿ ಓಡಾಡುತ್ತಿದೆ, ಹಿಡಿಯಿರಿ ಅಂದರೆ ಹಿಡಿಯುತ್ತಿಲ್ಲ ಅಂತ ಜನಕ್ಕೆ ಸಿಟ್ಟು. ಆ ಸಿಟ್ಟು ಸುಳ್ಳಲ್ಲ. ಕೊಟ್ಟಿಗೆಯ ದನ ಹುಲಿ ಪಾಲಾಗುತ್ತದೆ ಅಂತ ರಾತ್ರಿಯೆಲ್ಲ ಎದ್ದು ಕೂರುವವರಿಗೆ ಬೆಂಗಳೂರಿನಲ್ಲಿ ಕೂತು ನಾನು ಬುದ್ಧಿ ಹೇಳಲಾರೆ. ಇಲಾಖೆಯವರು ಹುಲಿಗೆ ಅಂತ ಬೋನು ಇಟ್ಟಿದ್ದರು. ಹುಲಿ ಬೀಳಲಿಲ್ಲ. ಇಟ್ಟ ಬೋನು ಯಾಕೆ ಖಾಲಿ ಇರಬೇಕು ಅಂತ ಊರಿನವರು, ಅಲ್ಲಿಗೆ ಬಂದ ಸಿಬ್ಬಂದಿಯನ್ನೇ ಅದರೊಳಗೆ ಕೂಡಿಹಾಕಿದರು. ಖಾಕಿ ಬಟ್ಟೆಯವರು ಸರಳಿನ ಹಿಂದೆ, ಜನ ಹೊರಗೆ, ಎಲ್ಲರ ಕೈಯಲ್ಲೂ ಮೊಬೈಲು. ಹುಲಿ ಎಲ್ಲೋ ಪೊದೆಯೊಳಗಿಂದ ನೋಡಿದ್ದರೆ ಏನಂದುಕೊಂಡಿತೋ. ಸಫಾರಿಗೆ ಮನುಷ್ಯರು ಟಿಕೆಟ್ ತೆಗೆದುಕೊಂಡು ಬಂದು ತನ್ನನ್ನು ನೋಡುವುದನ್ನೇ ಅದು ಇಷ್ಟು ದಿನ ನೋಡಿದ್ದು.

ಭಾವನವರು ಆ ವಿಡಿಯೊವನ್ನು ಮನೆಯ ಗ್ರೂಪಿಗೆ ಹಾಕಿ, ಕೆಳಗೆ ಮೂರು ನಗುವ ಮುಖ ಇಟ್ಟು, "ಸರಿಯಾಗಿ ಮಾಡಿದ್ರು" ಅಂತ ಬರೆದಿದ್ದರು.

ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಸತ್ತು, ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನೆಲ್ಲ ಹುಲಿ ಹುಡುಕಲು ಕಳಿಸಿದಾಗ ಇದೇ ಭಾವನವರು ಗ್ರೂಪಿನಲ್ಲಿ ಕೇಳಿದ ಪ್ರಶ್ನೆ, "ಕ್ರಿಸ್‌ಮಸ್ ರಜೆಗೆ ಓಪನ್ ಆಗುತ್ತಾ?"

ಇರಲಿ, ದಸರಾ ರಜೆಯ ಪ್ರವಾಸ ಅರ್ಧಕ್ಕೇ ನಿಂತಿದೆ. ಊಟಿಯಿಂದ ವಾಪಸ್ ಬರುವಾಗ ಹೊತ್ತಾಯಿತು. ಬಂಡೀಪುರದ ರಸ್ತೆಗಳು ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತವೆ, 2009ರಿಂದ ಇದೇ ನಿಯಮ, ಅದರ ಮೇಲೆ ಕೋರ್ಟು, ಪ್ರತಿಭಟನೆ, ಚುನಾವಣೆಯ ಭರವಸೆ ಎಲ್ಲಾ ಆಗಿ ಹೋಗಿವೆ. ಬೇಡ ಬೇಡ ಅಂದರೂ ಭಾವನವರು ದಾರಿಯಲ್ಲಿ ಎರಡು ಕಡೆ ಚಹಾಕ್ಕೆ, ಒಂದು ಕಡೆ ಸ್ವೆಟರ್ ಚೌಕಾಸಿಗೆ ನಿಲ್ಲಿಸಿದರು. ನಮ್ಮ ಕಡೆಯ ಗೇಟಿಗೆ ಬಂದಾಗ 9 ಗಂಟೆ 4 ನಿಮಿಷ. ಗೇಟು ಬಿದ್ದಿತ್ತು.

"ನಾಲ್ಕು ನಿಮಿಷ ಕಣ್ರೀ, ನಾಲ್ಕೇ ನಿಮಿಷ."

"ರೂಲ್ಸು ಸಾ. ಆಂಬುಲೆನ್ಸ್ ಆದ್ರ ಬುಡ್ತೀವಿ."

ಭಾವನವರಿಗೆ ಇಷ್ಟು ಸಾಕಾಯಿತು. ಎಮರ್ಜೆನ್ಸಿ ಇದೆ, ಹೆಂಡತಿಗೆ ಎದೆನೋವು ಅಂದರು. ವಾಚರ್ ಟಾರ್ಚ್ ಹಿಡಿದು ಹಿಂದಿನ ಸೀಟಿನ ಕಡೆ ನೋಡಿದರು. ಅಕ್ಕ ಊಟಿ ವರ್ಕಿಯ ಎರಡನೇ ಪೊಟ್ಟಣ ಬಿಚ್ಚುತ್ತಿದ್ದಳು. ಬೆಳಕು ಬಿದ್ದ ತಕ್ಷಣ, ಸೌಜನ್ಯಕ್ಕೆ ಅವರಿಗೂ ಒಂದು ಚಾಚಿದಳು. ಅವರು ತೆಗೆದುಕೊಂಡು, "ಚೆನ್ನಾಗದ ಅಕ್ಕಾ" ಅಂದು, ಗೇಟನ್ನು ಹಾಗೇ ಬಿಟ್ಟರು.

ಆಮೇಲೆ ಫೋನು. ಇಲಾಖೆಯಲ್ಲಿ "ನಮ್ಮವರು" ಒಬ್ಬರಿದ್ದಾರಲ್ಲ, ಅವರಿಗೆ. ಆರು ಸಲ ರಿಂಗಾಯಿತು, ಯಾರೂ ಎತ್ತಲಿಲ್ಲ. ಭಾವನವರು ಕಾರಿನಿಂದ ಇಳಿದು, ಈ ದೇಶ ಯಾಕೆ ಉದ್ಧಾರ ಆಗಿಲ್ಲ ಅಂತ ಗೇಟಿಗೆ ವಿವರಿಸುತ್ತಾ ನಿಂತಿದ್ದಾಗ ರಸ್ತೆಯ ಆಚೆ ಬಿದಿರು ಮುರಿದ ಸದ್ದು ಕೇಳಿತು. ಲಟ್ ಅಂತ ಒಂದು, ಆಮೇಲೆ ಇನ್ನೊಂದು. ವಾಚರ್ ತಿರುಗಿ ಕೂಡ ನೋಡದೆ "ಒಳಗ ಬನ್ನಿ ಸಾ" ಅಂದರು. ಅವರು "ಸಾ" ಅನ್ನುವಷ್ಟರಲ್ಲಿ ಭಾವನವರು ಚೆಕ್‌ಪೋಸ್ಟಿನ ರೂಮಿನೊಳಗೆ ಇದ್ದರು. ಹೆಂಡತಿ, ಭಾವಮೈದ, ಇಬ್ಬರು ಮಕ್ಕಳು ಕಾರಿನಲ್ಲಿ.

ಆಮೇಲೆ ವಾಚರ್ ಬಂದು ನಮ್ಮನ್ನೂ ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋದರು. ಎಂಟಡಿ ರೂಮು, ಒಂದು ಮಂಚ, ಒಂದು ಸ್ಟವ್ವು, ಗೋಡೆ ಮೇಲೆ ಮಾದಪ್ಪನ ಫೋಟೊ. ಭಾವನವರು ಮಂಚದ ಮೂಲೆಯಲ್ಲಿ ಕೂತು ಮೆಲ್ಲಗೆ ವಿಚಾರಿಸುತ್ತಿದ್ದರು. ಗನ್ ಇದೆಯಾ? ಇಲ್ಲ ಸಾ, ಟಾರ್ಚ್ ಅದ. ಬಾಗಿಲು ಗಟ್ಟಿ ಇದೆಯಾ? ಹೋದ ವರ್ಷ ಬದಲಾಯಿಸಿದ್ರು ಸಾ. ಹೋದ ವರ್ಷ ಯಾಕೆ ಬದಲಾಯಿಸಿದರು ಅಂತ ಅವರು ಕೇಳಲಿಲ್ಲ. ಎಷ್ಟು ಹೊತ್ತು ಇರುತ್ತೆ ಇದು? ಅದಕ್ಕ ಬೇಜಾರಾಗೋಗಂಟ ಸಾ.

ಆನೆ ಹೊರಗೆ ಬಂದು, ನಮ್ಮ ಕಾರಿನ ಪಕ್ಕ ನಿಂತು, ಡಿಕ್ಕಿಯನ್ನು ಮೂಸಿ ನೋಡಿತು. ಅಲ್ಲಿ ಐದು ಕೆಜಿ ಕ್ಯಾರೆಟ್ ಇತ್ತು. ಊಟಿಯಲ್ಲಿ ಅಗ್ಗ ಅಂತ ಭಾವನವರೇ ತೆಗೆದುಕೊಂಡಿದ್ದು.

ಯಾರೂ ಉಸಿರು ಬಿಡುತ್ತಿರಲಿಲ್ಲ. ಭಾವನವರು ಮೆಲ್ಲಗೆ ಎದ್ದರು, ಕಿಟಕಿಯ ಹತ್ತಿರ ಹೋದರು, ಸರಳುಗಳ ನಡುವೆ ಮೊಬೈಲ್ ತೂರಿಸಿದರು. "ಫ್ಲ್ಯಾಶ್ ಬ್ಯಾಡ ಸಾ" ಅಂತ ವಾಚರ್ ಬಾಯಿ ತೆಗೆಯುವಷ್ಟರಲ್ಲಿ ರೂಮೆಲ್ಲ ಪಳ್ ಅಂತ ಬೆಳಗಿತು.