ಆರು ಹತ್ತರ ಫೋನು

ಕೆಲಸಕ್ಕೆ ಸೇರಿದ ದಿನ ಕಂಪನಿಯವರು ಒಂದು ಫಾರಂ ಕೊಟ್ಟರು. ಹೆಸರು, ತಂದೆ ಹೆಸರು, ರಕ್ತದ ಗುಂಪು ಎಲ್ಲ ತುಂಬಿದೆ. ಕೊನೆಯಲ್ಲಿ 'ಮನೆಯ ದೂರವಾಣಿ' ಅಂತ ಒಂದು ಖಾನೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ. ಸುಮ್ನೆ ಖಾಲಿ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಖಾಲಿ ಖಾನೆ ಕಂಡರೆ ನಾಚಿಕೆಯಾಗುವ ವಯಸ್ಸು ನೋಡಿ, ಎದುರು ಮನೆಯ ನಂಬರ್ ಬರೆದು ಪಕ್ಕದಲ್ಲಿ 'ಪಿ.ಪಿ.' ಅಂತ ಹಾಕಿದೆ.

ಈಗಿನ ಹುಡುಗರಿಗೆ ಪಿ.ಪಿ. ಅಂದರೆ ಗೊತ್ತಿರಲಿಕ್ಕಿಲ್ಲ. ಪಕ್ಕದವರ ಫೋನನ್ನು ನಮ್ಮದೇ ಅನ್ನುವ ಹಾಗೆ ಮದುವೆ ಪತ್ರಿಕೆಯಲ್ಲೂ ಅಚ್ಚು ಹಾಕಿಸುವುದಕ್ಕೆ ಇದ್ದ ಲೈಸೆನ್ಸು ಅದು. ಅವರು ಫೋನ್ ಎತ್ತಿ, ಪಕ್ಕಕ್ಕಿಟ್ಟು, ಬೀದಿ ದಾಟಿ ಬಂದು ಕೂಗಬೇಕು. ನಾವು ಲುಂಗಿ ಹಿಡಿದುಕೊಂಡು ಓಡಬೇಕು. 2002ನೇ ಇಸವಿ. ಮೊಬೈಲಿಗೆ ಬಂದ ಕರೆಗೂ ದುಡ್ಡು ಕಟ್ಟಬೇಕಿದ್ದ ಕಾಲ.

ನನ್ನ ಗ್ರಹಚಾರಕ್ಕೆ ಎದುರು ಮನೆಯಲ್ಲಿದ್ದವರು ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಮಾಡಿದ ಮಿಸ್ಸು. ರಿಟೈರಾಗಿದ್ದರು. ಸ್ಕೂಲಿನಿಂದ ಮಾತ್ರ.

ಫ್ಯಾಕ್ಟರಿ ಇದ್ದದ್ದು ಹಿರೇಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸ. ಆರರಿಂದ ಎರಡು, ಎರಡರಿಂದ ಹತ್ತು, ಹತ್ತರಿಂದ ಆರು, ಹೀಗೆ ಮೂರು ಶಿಫ್ಟು. ಫಸ್ಟ್ ಶಿಫ್ಟಿಗೆ ತಡವಾದರೆ ಬೈಯುವವನು ಮ್ಯಾನೇಜರ್ ಅಲ್ಲ, ರಾತ್ರಿಯೆಲ್ಲ ಆ ಮೆಷೀನಿನ ಮುಂದೆ ನಿಂತವನು. ರಿಲೀವರ್ ಬರದೆ ಅವನು ಜಾಗ ಬಿಡುವ ಹಾಗಿಲ್ಲ. ಬಿಟ್ಟರೆ ಬ್ಯಾರಲ್ಲಿನೊಳಗೆ ಕರಗಿದ ಪ್ಲಾಸ್ಟಿಕ್ಕು ಕಾದೂ ಕಾದೂ ಸೀದು ಹೋಗುತ್ತದೆ. ಆಮೇಲೆ ಬಿಳಿ ಡಬ್ಬದ ಮೇಲೆಲ್ಲ ಕಪ್ಪು ಚುಕ್ಕಿ. ಎಲ್ಲ ಹೊರಗೆ ಕಾರಿಸಿ ಪರ್ಜ್ ಮಾಡಬೇಕು. ಆ ಗಟ್ಟಿ ಮುದ್ದೆ ನೋಡಿದರೆ ಥೇಟ್ ತಳ ಹಿಡಿದ ರಾಗಿಮುದ್ದೆ. ಹಾಗಾಗಿ ಹತ್ತು ನಿಮಿಷ ಗ್ರೇಸು. ಅದು ಮುಗಿದರೆ ಕಾರ್ಡಿನ ಮೇಲೆ ಟೈಮ್ ಕೆಂಪಕ್ಷರದಲ್ಲಿ ಬೀಳುತ್ತಿತ್ತು, ಸರಿಯಾಗಿ 6:10ಕ್ಕೆ ಟೈಮ್ ಆಫೀಸಿನಿಂದ ಮನೆಗೆ ಫೋನು ಹೋಗುತ್ತಿತ್ತು.

ತಡ ಅನ್ನುವುದು ನಮ್ಮ ಮನೆಗೆ ಒಗ್ಗದ ವಿಷಯ. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಶುರುವಾದದ್ದು 1978ರಲ್ಲಿ. ಅಪ್ಪ ಅದರ ಮರುವರ್ಷ ಸೇರಿದವರು. ಇಪ್ಪತ್ತು ಚಿಲ್ಲರೆ ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು, ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ವಿಆರ್‌ಎಸ್ ತಗೊಂಡು ಮನೆಯಲ್ಲಿದ್ದರು. ರಾತ್ರಿ ಊಟವಾದ ಮೇಲೆ ಜನತಾ ವಾಚಿಗೆ ಕೀ ಕೊಡದೆ ಮಲಗಿದ್ದನ್ನು ನಾನು ನೋಡಿಲ್ಲ. ಊರಿಗೆಲ್ಲ ಟೈಮ್ ಹಂಚಿದವರ ಹೊಟ್ಟೆಯಲ್ಲಿ ನಾನು ಹುಟ್ಟಿದ್ದೆ.

ನನ್ನ ನಿದ್ದೆಗೆ ಔಷಧಿ ಅಂತ ಅಮ್ಮ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಳು. ಇಟ್ಟಿದ್ದು ನನಗೆ ಗೊತ್ತಿತ್ತು. ಅದು ಐದು ತೋರಿಸಿದರೆ ಹತ್ತು ನಿಮಿಷ ಕಳೆದು ಮತ್ತೆ ಮುಸುಕೆಳೆಯುತ್ತಿದ್ದೆ. ಒಂದು ವಾರ ಯಾರಿಗೂ ತೊಂದರೆಯಾಗಲಿಲ್ಲ. ಎಂಟನೇ ದಿನ ಅಪ್ಪ ತಲೆಯೆತ್ತಿ ಗಡಿಯಾರ ನೋಡಿದರು. ತಪ್ಪು ಟೈಮ್ ತೋರಿಸುವ ಗಡಿಯಾರ ಮನೆಯಲ್ಲಿರುವುದು ಅವರ ಪಾಲಿಗೆ ಸೂತಕ. ಯಾರಿಗೂ ಹೇಳದೆ ಸ್ಟೂಲ್ ಹತ್ತಿ ಸರಿ ಮಾಡಿಬಿಟ್ಟರು. ಮರುದಿನ ಬೆಳಿಗ್ಗೆ ಗಡಿಯಾರ 5:20 ಅಂದಿತು. ನಾನು 5:10 ಅಂದುಕೊಂಡು ಆರಾಮಾಗಿ ಎರಡನೇ ಲೋಟ ಕಾಫಿ ಕೇಳಿದೆ. ಟೌನ್ ಹಾಲ್ ಹತ್ತಿರ ಓಡುವಷ್ಟರಲ್ಲಿ ಕಂಪನಿ ಬಸ್ಸು ಬಟವಾಡಿ ದಾಟಿತ್ತು.

ವಾಪಸ್ ಬಂದು ಅಪ್ಪನ ಟಿವಿಎಸ್ ಒದೆಯುತ್ತಾ ನಿಂತೆ. ಅದು ಕೆಮ್ಮಿತು, ಹೊರಡಲಿಲ್ಲ. 6:10. ಎದುರು ಮನೆಯಲ್ಲಿ ಟ್ರಿಣ್ ಟ್ರಿಣ್. ಮಿಸ್ಸು ಫೋನ್ ಎತ್ತಿದರು. ಕಿಟಕಿ ತೆರೆದಿತ್ತು, ಮಾತೆಲ್ಲ ಬೀದಿಗೆ ಕೇಳುತ್ತಿತ್ತು.

"ಇಲ್ಲೇ ಇದಾನೆ, ಬರ್ತಾನೆ. ಏನ್ ಮಾಡೋದು ಹೇಳಿ, ಮೂರನೇ ಕ್ಲಾಸಲ್ಲೂ ಹಿಂಗೇನೇ. ಪ್ರೇಯರ್ ಮುಗಿದ ಮೇಲೇ ಬರ್ತಿದ್ದ."

ಟೈಮ್ ಆಫೀಸಿನವರು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ಆವತ್ತು ಏಳಕ್ಕೆ ಬೆವರೊರೆಸಿಕೊಂಡು ಒಳಗೆ ಹೋದರೆ ರಾತ್ರಿ ಶಿಫ್ಟಿನವನು ಬ್ಯಾಗ್ ಹೆಗಲಿಗೇರಿಸಿಕೊಂಡು ನಿಂತಿದ್ದ. "ಏನ್ ಗುರೂ, ಪ್ರೇಯರ್ ಆಯ್ತಾ?" ಆ ಫ್ಯಾಕ್ಟರಿಯಲ್ಲಿ ನನ್ನ ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಚೀಟಿಗೆ ಮಾತ್ರ.

ಅರ್ಧ ದಿನದ ಸಂಬಳ ಹೋಯಿತು ಅಂತ ಯೂನಿಯನ್ನಿನ ಹಿರಿಯರೊಬ್ಬರ ಹತ್ತಿರ ಗೋಳಾಡಿದೆ. ಅವರಿಗೆ ಕಾನೂನು ಬಾಯಿಪಾಠ. 1936ರ ವೇತನ ಪಾವತಿ ಕಾಯ್ದೆ ಪ್ರಕಾರ ಎಷ್ಟು ಹೊತ್ತು ಬರಲಿಲ್ಲವೋ ಅಷ್ಟಕ್ಕೆ ಮಾತ್ರ ಹಿಡಿಯಬೇಕು ಅಂದರು. ನಾನು ಖುಷಿಯಾದೆ. ಆಮೇಲೆ, ಹತ್ತು ಜನ ಸೇರಿ ಮಾತಾಡಿಕೊಂಡು ನೋಟಿಸ್ ಕೊಡದೆ ಗೈರಾದರೆ ಎಂಟು ದಿನದ ಸಂಬಳದವರೆಗೂ ಹಿಡಿಯುವುದಕ್ಕೆ ಅದರಲ್ಲೇ ದಾರಿಯಿದೆ ಅಂದರು. ಅಂದರೆ ಒಬ್ಬ ಮಲಗಿದರೆ ನಿದ್ದೆ, ಹತ್ತು ಜನ ಮಲಗಿದರೆ ಪಿತೂರಿ. ನಾನು ಒಬ್ಬನೇ ಮಲಗುವವನು, ಬಚಾವಾದೆ.

ಇದಕ್ಕಿಂತ ದೊಡ್ಡದು ಮರುವರ್ಷ ಆಯಿತು. ಶಿವರಾತ್ರಿ ಸಮಯ, ಸಿದ್ಧಗಂಗೆ ಜಾತ್ರೆ. ರಾತ್ರಿ ಗೆಳೆಯರ ಜೊತೆ ಸುತ್ತಿ, ದನಗಳ ಜಾತ್ರೆಯಲ್ಲಿ ಕೊಳ್ಳುವವರ ಹಾಗೆ ಎತ್ತಿನ ಹಲ್ಲು ನೋಡಿ, ಮನೆ ಸೇರಿದಾಗ ಒಂದೂವರೆ. ಆದರೂ ಬೆಳಿಗ್ಗೆ ಸರಿಯಾದ ಹೊತ್ತಿಗೆ ಬಸ್ ಹತ್ತಿದೆ. ಹಿಂದಿನ ಉದ್ದ ಸೀಟು ಖಾಲಿಯಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಹಬೆ ಮೂಗಿಗೆ ಬಡಿದದ್ದು ನೆನಪಿದೆ. ಅದರಾಚೆಗೆ ಏನೂ ನೆನಪಿಲ್ಲ.

ಬಸ್ಸು ಫ್ಯಾಕ್ಟರಿ ಸೇರಿ ಎಲ್ಲರೂ ಇಳಿದಿದ್ದಾರೆ. ಡ್ರೈವರಣ್ಣ ಕ್ಯಾಂಟೀನ್ ಹಿಂದಿನ ಹೊಂಗೆಮರದ ಕೆಳಗೆ ಬಸ್ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಟೀಗೆ ಹೋಗಿದ್ದಾನೆ. ನಾನು ಕಾಂಪೌಂಡಿನ ಒಳಗೇ ಇದ್ದೇನೆ, ಮೆಷೀನಿನಿಂದ ಇನ್ನೂರು ಹೆಜ್ಜೆ ದೂರ. 6:10ಕ್ಕೆ ಫೋನು ಹೋಯಿತು. ಮಿಸ್ಸು ಬಂದು ಅಮ್ಮನನ್ನು ಕರೆದರು. "ನಿಮ್ಮ ಮಗ ಇನ್ನೂ ಬಂದಿಲ್ಲ" ಅಂದರಂತೆ ಆ ಕಡೆಯಿಂದ. ಐದಕ್ಕೇ ಹೊರಟವನು ಬಂದಿಲ್ಲ ಅಂದರೆ ತಾಯಿಗೆ ಏನಾಗಬೇಕು? ಅಪ್ಪ ಟೌನ್ ಹಾಲ್ ಸರ್ಕಲ್ಲಿನಲ್ಲಿ ಪೇಪರ್ ಹಾಕುವವರನ್ನೆಲ್ಲ ವಿಚಾರಿಸಿದರು. ಆಮೇಲೆ ಹೈವೇ ಉದ್ದಕ್ಕೂ ಟಿವಿಎಸ್ಸಿನಲ್ಲಿ ಚರಂಡಿ ನೋಡಿಕೊಂಡು ಹೊರಟರು. ಮಿಸ್ಸು ಜಿಲ್ಲಾಸ್ಪತ್ರೆಗೆ ಫೋನ್ ಮಾಡಿ ನನ್ನ ಚಹರೆ ಹೇಳಿದರು, ಬಲಗಿವಿಯ ಮೇಲಿನ ಮಚ್ಚೆ ಸಮೇತ. ಆ ಮಚ್ಚೆ ಅವರಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು, ಅದೇ ಕಿವಿ ಹಿಡಿದು ಹಿಂಡಿದವರು.

ಏಳೂಮುಕ್ಕಾಲಿಗೆ ಜನರಲ್ ಶಿಫ್ಟಿನವರನ್ನು ಕರೆತರಲು ಡ್ರೈವರಣ್ಣ ಬಸ್ ತೆಗೆದ. ಗೇಟ್ ದಾಟುವಾಗ ಹಂಪ್ ಹಾರಿತು, ನಾನು ಸೀಟಿನಿಂದ ಕೆಳಗೆ ಬಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಅಪ್ಪ ಗೇಟಿನ ಎದುರು ಗಾಡಿ ನಿಲ್ಲಿಸುತ್ತಿದ್ದರು. ಬಸ್ಸಿನ ಹಿಂದಿನ ಗಾಜಿನಲ್ಲಿ ಎದ್ದು ನಿಂತ ನನ್ನ ಮುಖ ನೋಡಿದರು. ಬೈಯಲಿಲ್ಲ. ಕೈ ಎತ್ತಿ ವಾಚ್ ನೋಡಿಕೊಂಡರು, ಅಷ್ಟೇ. ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಅಮ್ಮ ತಿರುಪತಿಗೆ ಮುಡಿ ಹರಕೆ ಹೊತ್ತಾಗಿತ್ತು. ಹೊತ್ತವಳು ಅವಳು, ಮುಡಿ ನನ್ನದು. ಬೋಳುತಲೆಯಲ್ಲಿ ಶಿಫ್ಟಿಗೆ ಹೋದ ದಿನ ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಪಿ.ಪಿ. ನಂಬರ್ ಇತ್ತಲ್ಲ.

ಈಗ ನಾನು ವಸಂತನರಸಾಪುರದಲ್ಲಿ ಬೇರೆ ಕಡೆ ಶಿಫ್ಟ್ ಇನ್‌ಚಾರ್ಜ್. ಬರದವರಿಗೆ ಫೋನ್ ಮಾಡಿಸುವ ಪಾಪ ನನ್ನ ಪಾಲಿಗೆ ಬಂದಿದೆ. ಟೈಮ್ ಆಫೀಸಿನ ಹುಡುಗನಿಗೆ ಒಂದೇ ಪಾಠ ಹೇಳಿಕೊಟ್ಟಿದ್ದೇನೆ. ಮೊದಲು ಅವನದೇ ನಂಬರಿಗೆ ಮಾಡು. ಎತ್ತದಿದ್ದರೆ ಮನೆಗೆ ಮಾಡು. ಆದರೆ 'ಬಂದಿಲ್ಲ' ಅನ್ನಬೇಡ ಮಾರಾಯ, 'ಹೊರಟ್ರಾ?' ಅಂತ ಕೇಳು.

ಹೋದ ವರ್ಷ ಒಡಿಶಾದ ಹುಡುಗನೊಬ್ಬ ಬರಲಿಲ್ಲ. ಮೊಬೈಲ್ ಎತ್ತಲಿಲ್ಲ. ಫಾರಂನಲ್ಲಿದ್ದ ತುರ್ತು ನಂಬರಿಗೆ ನಾನೇ ಮಾಡಿದೆ. ಒಬ್ಬ ಹೆಂಗಸು ಎತ್ತಿದರು. ಅವರಿಗೆ ಒಡಿಯಾ ಬಿಟ್ಟು ಬೇರೆ ಬರುವುದಿಲ್ಲ, ನನಗೆ ಅದೊಂದು ಬಿಟ್ಟು ಅಲ್ಪಸ್ವಲ್ಪ ಎಲ್ಲ ಬರುತ್ತದೆ. ಅವನ ಹೆಸರು ಹೇಳಿದೆ. 'ಡ್ಯೂಟಿ' ಅಂದೆ. ಅವರು 'ಡ್ಯೂಟಿ!' ಅಂತ ಕಿರುಚಿ ಫೋನ್ ಇಟ್ಟರು. ಹದಿನೈದು ನಿಮಿಷಕ್ಕೆ ಹುಡುಗ ಶರಟಿನ ಗುಂಡಿ ಹಾಕಿಕೊಳ್ಳುತ್ತಾ ಓಡಿ ಬಂದ. ಅವನ ರೂಮಿರುವುದು ಫ್ಯಾಕ್ಟರಿಯ ಹಿಂದಿನ ಬೀದಿಯಲ್ಲಿ. ನನ್ನ ಹತ್ತು ಕರೆಗೆ ಏಳದವನು ಅಮ್ಮನ ಒಂದು ಕರೆಗೆ ಎದ್ದಿದ್ದ. ಫೋನು ತುಮಕೂರಿನಿಂದ ಒಡಿಶಾಕ್ಕೆ ಹೋಗಿ, ಅಲ್ಲಿಂದ ಹಿಂದಿನ ಬೀದಿಗೆ ಬಂದಿತ್ತು. ಪಿ.ಪಿ. ಸತ್ತಿಲ್ಲ, ಬೀದಿ ಅಗಲವಾಗಿದೆ ಅಂದುಕೊಂಡೆ.

ಅಪ್ಪನ ವಾಚ್ ಫ್ಯಾಕ್ಟರಿ 2016ರಲ್ಲಿ ಮುಚ್ಚಿತು. ಆ ಜಾಗ ಆಮೇಲೆ ಇಸ್ರೋಗೆ ಹೋಯಿತು. "ಅವರದ್ದೂ ಸೆಕೆಂಡಿನ ಲೆಕ್ಕವೇ, ಪರವಾಗಿಲ್ಲ" ಅನ್ನುತ್ತಾರೆ ಅಪ್ಪ. ಜನತಾ ವಾಚಿಗೆ ಇವತ್ತಿಗೂ ಕೀ ತಪ್ಪಿಲ್ಲ.

ಮೊನ್ನೆ ಸೋಮವಾರ ನಾನೇ ಏಳಲಿಲ್ಲ. ಮೊಬೈಲ್ ಸೈಲೆಂಟಿನಲ್ಲಿತ್ತು. ನನ್ನ ಫಾರಂನಲ್ಲಿ ತುರ್ತು ನಂಬರ್ ಅಪ್ಪನದು. ನಾನೇ ತಯಾರು ಮಾಡಿದ ಹುಡುಗ ಅವರಿಗೆ ಮಾಡಿದ್ದಾನೆ, ನಾನು ಹೇಳಿಕೊಟ್ಟ ಹಾಗೇ 'ಹೊರಟ್ರಾ ಸಾರ್?' ಅಂತ ಕೇಳಿದ್ದಾನೆ. ಕಣ್ಣು ಬಿಟ್ಟರೆ ಅಪ್ಪ ಮಂಚದ ಪಕ್ಕ ನಿಂತಿದ್ದಾರೆ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಕಣ್ಣಿನ ಹತ್ತಿರ. ನಾನು ಧಡಕ್ಕನೆ ಎದ್ದು ಕೂತೆ. ಬೈಗುಳಕ್ಕೆ ಕಾದೆ.

"ಏನಪ್ಪಾ ಇದು, ನಿಮ್ಮ ಟೈಮ್ ಆಫೀಸು ಇಷ್ಟು ಕೆಟ್ಟುಹೋಯ್ತಾ?" ಅಂದರು. "ಆರು ಹತ್ತಕ್ಕೆ ಮಾಡಬೇಕಾದ ಫೋನು, ಆರು ಹನ್ನೆರಡಕ್ಕೆ ಮಾಡ್ತಾನಲ್ಲೋ!"