ಪರದೆ ಮೇಲಿನ ಆಪೆರಾ ಪರವಾಗಿ ಎರಡು ಮಾತು

ಆಪೆರಾವನ್ನು, ಅಂದರೆ ಕಥೆಯನ್ನು ಹಾಡಿನಲ್ಲೇ ಹೇಳುವ ಪಾಶ್ಚಾತ್ಯ ಸಂಗೀತ ನಾಟಕವನ್ನು, ಸಿನಿಮಾ ಥಿಯೇಟರಿನ ಪರದೆ ಮೇಲೆ ನೋಡಿದರೆ ನೋಡಿದ ಹಾಗೇ ಅಲ್ಲ ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಸುಮಾರು 3,800 ಸೀಟುಗಳಿವೆ. ಹಾಡುವವರು ಮೈಕ್ ಇಲ್ಲದೆ ಅಷ್ಟೂ ಜನಕ್ಕೆ ಕೇಳಿಸುತ್ತಾರೆ. ಮಾಲ್ ಥಿಯೇಟರಿನಲ್ಲಿ ನಮಗೆ ಸಿಗುವುದು ಸ್ಪೀಕರಿನ ದನಿ ಅಷ್ಟೆ. ಆದರೆ ಜಯನಗರದಿಂದ ನ್ಯೂಯಾರ್ಕಿಗೆ ಹೋಗಿ ಬರೋರು ಎಷ್ಟು ಜನ ಹೇಳಿ?

ಮೆಟ್ರೊಪಾಲಿಟನ್ ಆಪೆರಾದಿಂದ ಸಿನಿಮಾ ಥಿಯೇಟರುಗಳಿಗೆ ನೇರ ಪ್ರಸಾರ ಶುರುವಾಗಿದ್ದು 2006ರ ಡಿಸೆಂಬರ್ 30ರಂದು, ಮೊಜಾರ್ಟನ 'ದಿ ಮ್ಯಾಜಿಕ್ ಫ್ಲೂಟ್' ಮೂಲಕ. ನಮ್ಮ ತೊಂದರೆ ದನಿಗಿಂತ ಜಾಸ್ತಿ ಗಡಿಯಾರದ್ದು. ಅಲ್ಲಿ ಶನಿವಾರ ಮಧ್ಯಾಹ್ನ ಒಂದು ಗಂಟೆ ಅಂದರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ 11.30. ಮುಗಿಯುವ ಹೊತ್ತಿಗೆ ಮೆಟ್ರೊ ಇಲ್ಲ, ಆಟೊದವರು ಡಬಲ್ ಕೇಳ್ತಾರೆ. ಹಾಗಾಗಿ ನಾನು ನೋಡಿದ್ದು ರೆಕಾರ್ಡಿಂಗ್.

ಜೊತೆಗೆ ಅಮ್ಮನನ್ನೂ ಕರೆದೊಯ್ದಿದ್ದೆ. ಶಿರಸಿ ಕಡೆಯವರು, ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು. ಭಾಷೆ ಗೊತ್ತಿಲ್ಲ, ಸಬ್‌ಟೈಟಲ್ ಓದಲಿಲ್ಲ. ಇಂಟರ್‌ವಲ್‌ನಲ್ಲಿ ಕೇಳಿದ್ದು ಒಂದೇ: "ಅಲ್ವೋ, ಇವರಿಗೆ ಭಾಗವತರು ಇಲ್ವಾ? ಎಲ್ಲ ಪದ್ಯವನ್ನೂ ವೇಷದವರೇ ಹಾಡಬೇಕಾ, ಪಾಪ!"