ಹೆದರಿಸಿದರೆ ಮಾತ್ರ ರಿಪೇರಿ

ಹಗಲು ಕಾಲೇಜಿನ ಲ್ಯಾಬಿನಲ್ಲೋ ಸಹಕಾರ ಸಂಘದ ಕಚೇರಿಯಲ್ಲೋ ಕೆಲಸ ಮಾಡಿ, ಸಂಜೆ ಆರರ ಮೇಲೆ ಕಂಪ್ಯೂಟರ್ ರಿಪೇರಿಗೆ ಕೂರುವವರು ಈಗ ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಒಂದು ಸ್ಕ್ರೂಡ್ರೈವರ್, ಧೂಳು ಹೊಡೆಯಲು ಒಂದು ಬ್ರಷ್, ಒಂದು ಪೆನ್‌ಡ್ರೈವ್. ಬಂಡವಾಳವೆಲ್ಲ ಆ ಪೆನ್‌ಡ್ರೈವಿನೊಳಗೇ. ಅದರಲ್ಲಿ ಯಾವ ಯಾವ ಸಾಫ್ಟ್‌ವೇರ್ ತುಂಬಿಕೊಳ್ಳಬೇಕೆಂದು ಹೊಸದಾಗಿ ಕಸುಬಿಗಿಳಿದವರು ಕೇಳುತ್ತಿರುತ್ತಾರೆ. ಕೆಲಸ ಮಾಡುವ ಸಾಫ್ಟ್‌ವೇರ್ ಬೇರೆ, ಕಾಸು ತರುವ ಸಾಫ್ಟ್‌ವೇರ್ ಬೇರೆ. ಎರಡೂ ಇರಲಿ. ಗಿರಾಕಿಯ ಮುಂದೆ ಮಾತ್ರ ಎರಡನೆಯದನ್ನೇ ತೆರೆಯಬೇಕು.

ಕೆಲಸ ಮಾಡುವ ಜಾತಿಯವು ನೋಡಲು ಬಲು ಬಡವು. ಮೆಮ್‌ಟೆಸ್ಟ್86 ಎಂಬುದೊಂದಿದೆ. ವಿಂಡೋಸ್ ಏಳುವ ಮೊದಲೇ ಪೆನ್‌ಡ್ರೈವಿನಿಂದ ಎದ್ದು, ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮಿನ ಮೂಲೆಮೂಲೆಗೂ ಬರೆದು, ಬರೆದದ್ದನ್ನು ಓದಿ ತಾಳೆ ನೋಡುತ್ತದೆ. ಸಾವಕಾಶವಾಗಿ ಗಂಟೆಗಟ್ಟಲೆ ನೋಡುತ್ತದೆ. ಅಷ್ಟು ಹೊತ್ತು ಪರದೆಯ ಮೇಲೆ ಅಂಕಿಗಳು ಓಡುವುದು ಬಿಟ್ಟರೆ ಬೇರೆ ರಂಜನೆಯಿಲ್ಲ. ಸಂಜೆ ಬಿಟ್ಟುಹೋದ ಕಂಪ್ಯೂಟರನ್ನು ಬೆಳಿಗ್ಗೆ ಬಂದು ಒಯ್ಯುವ ಗಿರಾಕಿಗೆ "ರ‍್ಯಾಮ್ ಚೆನ್ನಾಗಿದೆ" ಎಂದು ಹೇಳಿ ನೋಡಿ. ಮುಖ ಗಂಟಿಕ್ಕುತ್ತದೆ. ಚೆನ್ನಾಗಿದೆ ಎನ್ನುವುದಕ್ಕೆ ಒಂದು ರಾತ್ರಿ ಬೇಕಿತ್ತೇ? ಒಳಗಿನ ಒಳ್ಳೆಯ ರ‍್ಯಾಮ್ ತೆಗೆದು ಹಳೆಯದನ್ನು ಹಾಕಿರಲಿಕ್ಕಿಲ್ಲ ತಾನೇ? ಜಾತಕ ನೋಡಿ ದೋಷವೇನೂ ಇಲ್ಲ ಎಂದ ಜ್ಯೋತಿಷಿಗೆ ದಕ್ಷಿಣೆ ಹುಟ್ಟಿದ್ದುಂಟೇ?

ಹಾರ್ಡ್‌ಡಿಸ್ಕಿನ ಆರೋಗ್ಯ ಹೇಳುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸ್ವಲ್ಪ ವಾಸಿ. ಚೆನ್ನಾಗಿದ್ದರೆ ನೀಲಿ, ಅನುಮಾನವಿದ್ದರೆ ಹಳದಿ, ಕೈಕೊಟ್ಟಿದ್ದರೆ ಕೆಂಪು. ಹಳದಿ ಕಂಡ ದಿನವೇ ಮಕ್ಕಳ ಫೋಟೋಗಳನ್ನೆಲ್ಲ ಬೇರೆಡೆಗೆ ನಕಲು ಮಾಡಿಟ್ಟುಕೊಳ್ಳಬೇಕು ಎನ್ನುವ, ನಿಜಕ್ಕೂ ಉಪಕಾರದ ಸಾಫ್ಟ್‌ವೇರ್. ದುಡ್ಡೂ ಕೇಳುವುದಿಲ್ಲ. ಇದನ್ನು ಜನ ತಿರುಗಿಯೂ ನೋಡುವುದಿಲ್ಲವೆಂದು ಅದನ್ನು ಬರೆದ ಜಪಾನಿನವರಿಗೂ ಅನಿಸಿರಬೇಕು. ಹಿನ್ನೆಲೆಯಲ್ಲಿ ಕಾರ್ಟೂನ್ ಹುಡುಗಿಯ ಚಿತ್ರವಿರುವ ಆವೃತ್ತಿಯೊಂದನ್ನು ಪ್ರತ್ಯೇಕವಾಗಿಯೇ ಬಿಟ್ಟಿದ್ದಾರೆ.

ನಮ್ಮಲ್ಲಿ ಇನ್ನೊಂದು ವಿಶೇಷ ಕಾಯಿಲೆಯಿದೆ. ಫಾರ್ಮ್ಯಾಟ್ ಮಾಡಿಸಿದ ಮರುದಿನ ಕಚೇರಿಯ ಗುಮಾಸ್ತರು ಗಾಬರಿಯಿಂದ ಫೋನ್ ಮಾಡುತ್ತಾರೆ. "ಸಾರ್, ಕನ್ನಡಕ್ಕೆ ವೈರಸ್ ಬಂದಿದೆ!" ಹೋಗಿ ನೋಡಿದರೆ ಸುತ್ತೋಲೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಓರೆಗೆರೆ, ಟೋಪಿ, ಚುಕ್ಕಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತ. ಆ ಫಾಂಟ್ ಅಳಿಸಿಹೋಗಿದೆ, ಅಷ್ಟೇ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುವ ಯೂನಿಕೋಡ್ ಬಂದು ಎಷ್ಟೋ ವರ್ಷವಾದರೂ ಹಳೆಯ ಕಡತಗಳು ಹಾಗೇ ಇವೆ. ಪೆನ್‌ಡ್ರೈವಿನಿಂದ ನುಡಿ ಹಾಕಿದರೆ ಐದು ನಿಮಿಷದಲ್ಲಿ ಕನ್ನಡ ಎದ್ದು ಕೂರುತ್ತದೆ. ಆದರೆ ಗುಮಾಸ್ತರಿಗೆ ಸಮಾಧಾನವಿಲ್ಲ. "ಎಲ್ಲಾ ಸರಿ ಸಾರ್, ಸ್ಕ್ಯಾನ್ ಮಾಡಲೇ ಇಲ್ಲವಲ್ಲ?"

ಈ ಸ್ಕ್ಯಾನ್ ಎಂಬ ಮಂತ್ರದಿಂದಲೇ ಕಾಸು ತರುವ ಸಾಫ್ಟ್‌ವೇರ್‌ಗಳ ಸಂಸಾರ ನಡೆಯುವುದು. ತೆರೆದ ಕೂಡಲೇ ಗಡಿಯಾರದ ಮುಳ್ಳಿನಂಥದ್ದು ತಿರುಗಬೇಕು, ಪಟ್ಟಿ ಕೆಂಪಾಗಬೇಕು, ಕೊನೆಗೆ ಸಾವಿರದ ಚಿಲ್ಲರೆ ದೋಷಗಳು ಸಿಗಬೇಕು. ಸಾವಿರ ಎಂದು ಪೂರ್ಣವಾಗಿ ಸಿಗಬಾರದು, ಯಾರೂ ನಂಬುವುದಿಲ್ಲ. ನಿನ್ನೆ ಕೊಂಡ ಲ್ಯಾಪ್‌ಟಾಪಿನಲ್ಲೂ ಇಷ್ಟು ದೋಷ ಹೇಗೆಂದು ಯಾರೂ ಕೇಳುವುದಿಲ್ಲ. ಪತ್ತೆಯಾಯಿತಲ್ಲ, ಪುಣ್ಯ ಎನ್ನುತ್ತಾರೆ.

ಇದರಲ್ಲಿ ನಮ್ಮವರನ್ನೇ ದೂರಬೇಕಾಗಿಲ್ಲ. ಅಮೆರಿಕದ ಆಫೀಸ್ ಡಿಪೋ ಮಳಿಗೆಗಳಲ್ಲಿ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ತಪಾಸಣೆ ಇತ್ತು. ಮೊದಲಿಗೆ ನಾಲ್ಕು ಪ್ರಶ್ನೆ: ಕಂಪ್ಯೂಟರ್ ನಿಧಾನವೇ, ಆಗಾಗ ನಿಲ್ಲುತ್ತದೆಯೇ, ಈ ಧಾಟಿಯವು. ನಾಲ್ಕರಲ್ಲಿ ಒಂದಕ್ಕೆ ಟಿಕ್ ಬಿದ್ದರೂ ಸಾಕು, ಕೊನೆಯಲ್ಲಿ ವೈರಸ್‌ನ ಲಕ್ಷಣ ಕಂಡಿದೆ ಎಂಬ ಫಲಿತಾಂಶ ಬರುತ್ತಿತ್ತು. ನಡುವೆ ನಡೆದ ಸ್ಕ್ಯಾನಿಗೂ ಆ ಫಲಿತಾಂಶಕ್ಕೂ ಸಂಬಂಧವೇ ಇರಲಿಲ್ಲವೆಂದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2019ರಲ್ಲಿ ಆಫೀಸ್ ಡಿಪೋ, ಸಾಫ್ಟ್‌ವೇರ್ ಒದಗಿಸಿದ ಸಪೋರ್ಟ್ ಡಾಟ್ ಕಾಮ್ ಎರಡೂ ಸೇರಿ 3.5 ಕೋಟಿ ಡಾಲರ್ ಕೊಟ್ಟು ಮೊಕದ್ದಮೆ ಮುಗಿಸಿಕೊಂಡವು. ನಾಲ್ಕು ಚೌಕಗಳಿದ್ದ ಒಂದು ಪುಟ ಅಷ್ಟು ಬೆಲೆಬಾಳುತ್ತಿತ್ತು! ಇಲ್ಲಿ ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದವನು ಇನ್ನೂರು ರೂಪಾಯಿಗೆ ಬಾಯಿ ಬಿಡುತ್ತಿದ್ದಾನೆ.

ಕಾವಲಿಗೆ ನಿಂತವರ ಕಥೆಯೂ ಚೆನ್ನಾಗಿದೆ. ಕಸ ಗುಡಿಸಲು ಇಟ್ಟುಕೊಂಡ ಸಿಕ್ಲೀನರ್‌ನ 2017ರ ಒಂದು ಆವೃತ್ತಿಯೊಳಗೇ ಕಳ್ಳತಂತ್ರಾಂಶ ಸೇರಿಕೊಂಡು ಸುಮಾರು 22 ಲಕ್ಷ ಕಂಪ್ಯೂಟರ್‌ಗಳಿಗೆ ಹೋಯಿತು. ಅದರ ಒಡೆಯರಾದ ಅವಾಸ್ಟ್ ಆ್ಯಂಟಿವೈರಸ್ ಕಂಪನಿಯವರು, ಬಳಕೆದಾರರು ಯಾವ ಯಾವ ತಾಣ ನೋಡುತ್ತಾರೆಂಬ ಮಾಹಿತಿಯನ್ನು ಮಾರಿದ ಆರೋಪಕ್ಕೆ 2024ರಲ್ಲಿ ಅದೇ ಕಮಿಷನ್‌ಗೆ 1.65 ಕೋಟಿ ಡಾಲರ್ ತೆರಲು ಒಪ್ಪಿದರು. ಇದನ್ನು ಹೇಳಿದರೆ ನಮ್ಮ ಗಿರಾಕಿ ನಗುತ್ತಾರೆ. ಅವರಿಗೆ ಆ ಭಯವಿಲ್ಲ, ಅವರದು ಕ್ರ್ಯಾಕ್ ಮಾಡಿದ, ಎಂದರೆ ದುಡ್ಡು ಕೊಡದೆ ಬೀಗ ಮುರಿದ, ಆ್ಯಂಟಿವೈರಸ್. ಅದನ್ನು ಹಾಕುವ ವಿಧಿಯೂ ಸೊಗಸು. ಮೊದಲು ವಿಂಡೋಸ್‌ನೊಳಗಿರುವ ಡಿಫೆಂಡರ್ ಎಂಬ ಕಾವಲುಗಾರನನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಅದು ಕ್ರ್ಯಾಕ್ ಕಡತವನ್ನು ಹಿಡಿದುಬಿಡುತ್ತದೆ. ಆಮೇಲೆ ಊರು ಹೆಸರಿಲ್ಲದವನು ಬರೆದ ಆ ಕಡತಕ್ಕೆ ಕಂಪ್ಯೂಟರಿನ ಸಕಲ ಅಧಿಕಾರ ಕೊಟ್ಟು, ಅದರ ಕೈಯಿಂದಲೇ ಆ್ಯಂಟಿವೈರಸ್ಸಿಗೆ ಜೀವ ತುಂಬಿಸಬೇಕು. ಅರವತ್ತು ಸಾವಿರದ ಲ್ಯಾಪ್‌ಟಾಪ್ ಕೊಂಡವರು ಹಿಂದೆ ನಿಂತು ಇದನ್ನೆಲ್ಲ ನೋಡಿ, "ಈಗ ಸೇಫ್ ಅಲ್ಲವೇನಪ್ಪಾ?" ಎಂದು ನಿರಾಳವಾಗುತ್ತಾರೆ.

ಚಿಲ್ಲರೆ ಸಾಫ್ಟ್‌ವೇರ್‌ಗಳು ಸಾವಿರ ದೋಷ ಹೇಳಿ ಹೆದರಿಸಿದರೆ, ಮೈಕ್ರೋಸಾಫ್ಟ್ ಒಂದೇ ಸಾಲಿನಲ್ಲಿ ಆ ಕೆಲಸ ಮುಗಿಸಿತು. 2021ರಲ್ಲಿ ಅದೂ ಒಂದು ತಪಾಸಣೆ ಸಾಫ್ಟ್‌ವೇರ್ ಬಿಟ್ಟಿತು. ಹೆಸರು, ನಂಬಿದರೆ ನಂಬಿ, 'ಪಿಸಿ ಹೆಲ್ತ್ ಚೆಕ್'. ಈ ಕಂಪ್ಯೂಟರಿನಲ್ಲಿ ವಿಂಡೋಸ್ 11 ನಡೆಯದು ಎಂದಷ್ಟೇ ಹೇಳುತ್ತಿತ್ತು. ಏಕೆ ನಡೆಯದು ಎಂಬುದು ದೇವರಿಗೇ ಗೊತ್ತು. ಜನ ಬೈದ ಮೇಲೆ ಅದನ್ನು ಹಿಂದಕ್ಕೆ ಕರೆಸಿಕೊಂಡು, ಕಾರಣ ಹೇಳುವುದನ್ನು ಕಲಿಸಿ ಮತ್ತೆ ಕಳುಹಿಸಿದರು. ಕಾರಣ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲ, ಪ್ರೊಸೆಸರ್ ಹಳೆಯದು, ಇಂಥವು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲವೂ ನಿಂತಿತು. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿದ್ದರೆ ಇನ್ನೂ ಐದು ವರ್ಷ ಲೆಕ್ಕಪತ್ರ ಬರೆಯುತ್ತಿದ್ದ ಗಟ್ಟಿಮುಟ್ಟಾದ ಯಂತ್ರಗಳೆಲ್ಲ ದಿಢೀರನೆ ಅನರ್ಹವಾದವು.

ಸಂಜೆಯ ರಿಪೇರಿಯವನು ಇದಕ್ಕೂ ಪೆನ್‌ಡ್ರೈವ್ ತೆಗೆಯುತ್ತಾನೆ. ರೂಫಸ್ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ವಿಂಡೋಸ್ 11ರ ಪೆನ್‌ಡ್ರೈವ್ ತಯಾರಿಸುವಾಗ ಒಂದು ಚೌಕ ತೋರಿಸುತ್ತದೆ: ಟಿಪಿಎಂ ಗಿಪಿಎಂ ಬೇಡವೆನ್ನುವವರು ಇಲ್ಲಿ ಟಿಕ್ ಹಾಕಿ. ಆಫೀಸ್ ಡಿಪೋದಲ್ಲಿ ಒಂದು ಟಿಕ್ಕಿಗೆ ಕಾಯಿಲೆ ಹತ್ತುತ್ತಿತ್ತು, ಇಲ್ಲಿ ಒಂದು ಟಿಕ್ಕಿಗೆ ಕಾಯಿಲೆ ಇಳಿಯುತ್ತದೆ. ಹೀಗೆ ಹಾಕಿದ ವಿಂಡೋಸ್‌ಗೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಮರ್ಯಾದಸ್ಥ ರಿಪೇರಿಯವನು ಅದನ್ನೂ ಬಾಯಿಬಿಟ್ಟು ಹೇಳುತ್ತಾನೆ, ಹೇಳಿಯೇ ಕೆಡುತ್ತಾನೆ.

"ಟಿಕ್ ಹಾಕಿದ್ದಕ್ಕೆ ಐನೂರು ರೂಪಾಯಿಯೇ?"

"ಹಾಕಿದ್ದಕ್ಕಲ್ಲ ಸಾರ್, ಎಲ್ಲಿ ಹಾಕಬೇಕೆಂದು ಗೊತ್ತಿರುವುದಕ್ಕೆ."

"ಆಯಿತು, ಮುನ್ನೂರು ತೆಗೆದುಕೊಳ್ಳಿ. ಹಾಗೆಯೇ ಒಂದು ಒಳ್ಳೆಯ ಆ್ಯಂಟಿವೈರಸ್ ಕ್ರ್ಯಾಕ್ ಇದ್ದರೆ ಹಾಕಿಬಿಡಿ."